ಅಸ್ವಾನ್: ಮೇಲೆದ್ದ ಗುಡಿಗಳು, ಕೆಳಗುಳಿದ ಊರುಗಳು

ಅಸ್ವಾನ್ ಬಳಿಯ ಫೀಲೆಯ ಐಸಿಸ್ ದೇವತೆಯ ಗುಡಿಯ ಕಂಬಗಳನ್ನು ಹತ್ತಿರದಿಂದ ನೋಡಿದರೆ ಒಂದು ಗೆರೆ ಕಾಣುತ್ತದೆ. ಗೆರೆಯ ಕೆಳಗೆ ಕಲ್ಲಿನದೊಂದು ಬಣ್ಣ, ಮೇಲೆ ಇನ್ನೊಂದು. ಬೇಸಿಗೆಯಲ್ಲಿ ಕೆರೆ ಇಳಿದಾಗ ತೂಬಿನ ಕಲ್ಲಿನ ಮೇಲೆ ಉಳಿಯುತ್ತದಲ್ಲ, ಅಂಥದ್ದೇ ಗುರುತು. ವಿಚಿತ್ರವೆಂದರೆ ಗುಡಿ ಈಗ ನಿಂತಿರುವ ಜಾಗಕ್ಕೆ ನೀರು ಏರುವುದೇ ಇಲ್ಲ. ಆ ಗೆರೆ ಬಿದ್ದದ್ದು ಬೇರೊಂದು ದ್ವೀಪದಲ್ಲಿ, ಗುಡಿ ವರ್ಷದ ಬಹುಪಾಲು ಅಣೆಕಟ್ಟೆಯ ಹಿನ್ನೀರಿನಲ್ಲಿ ನಿಂತಿದ್ದ ದಶಕಗಳಲ್ಲಿ. ಕಲ್ಲನ್ನು ಎತ್ತಿ ತಂದಾಗ ಅದರ ಜೊತೆ ಗೆರೆಯೂ ಬಂತು. ದಕ್ಷಿಣ ಈಜಿಪ್ಟಿನ ಅಸ್ವಾನ್ ನಗರದ ಕಳೆದ ನೂರಿಪ್ಪತ್ತು ವರ್ಷಗಳ ಕತೆ ಹಿಡಿಯಲು ಆ ಗೆರೆಯೇ ಒಳ್ಳೆಯ ತುದಿ.

ಇಷ್ಟಕ್ಕೂ ಅಣೆಕಟ್ಟೆ ಇಲ್ಲಿಗೇ ಏಕೆ ಬಂತು? ಊರು ಇಲ್ಲಿಗೆ ಏಕೆ ಬಂತೋ ಅದೇ ಕಾರಣಕ್ಕೆ. ಮರಳುಗಲ್ಲಿನ ನಾಡಿನಲ್ಲಿ ಹರಿದು ಬರುವ ನೈಲ್ ನದಿಗೆ ಇಲ್ಲಿ ಗ್ರಾನೈಟ್ ಅಡ್ಡ ಬರುತ್ತದೆ. ನದಿ ಬಂಡೆಗಳ ನಡುವೆ ಸೀಳಿಕೊಂಡು, ದ್ವೀಪಗಳಾಗಿ ಒಡೆದು, ನೊರೆಯೆದ್ದು ಹರಿಯುತ್ತಿತ್ತು. ಭೂಪಟದಲ್ಲಿ ಇದು ನೈಲ್‌ನ ಮೊದಲ ಜಲಪಾತ. ಜೋಗದ ಹಾಗೆ ಧುಮುಕುವುದಲ್ಲ, ಬಂಡೆಗಳ ಮೇಲಿನ ಜಾರು ಹರಿವು. ಸಮುದ್ರದ ಕಡೆಯಿಂದ ಬಂದ ದೋಣಿ ಇಲ್ಲಿ ನಿಲ್ಲಲೇಬೇಕು, ಸರಕು ಇಳಿಸಲೇಬೇಕು. ಹೀಗಾಗಿ ಇಲ್ಲೊಂದು ಸಂತೆ, ಒಂದು ಸುಂಕದ ಕಟ್ಟೆ, ಒಂದು ಕಾವಲು ಪಡೆ. ಈಚೆಗೆ ಈಜಿಪ್ಟ್, ಆಚೆಗೆ ನೂಬಿಯ. ಪ್ರಾಚೀನರಿಗೆ ಇದು ಸ್ವೆನೆಟ್, ಗ್ರೀಕರಿಗೆ ಸೈಯೀನಿ. ನದಿಯ ನಡುವಿನ ಎಲಿಫೆಂಟೈನ್ ದ್ವೀಪದಲ್ಲಿ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಯಹೂದಿ ಸೈನಿಕರ ಒಂದು ಕೇರಿಯೇ ಇತ್ತು. ಅವರು ಅರಮಾಯಿಕ್ ಭಾಷೆಯಲ್ಲಿ ಬರೆದಿಟ್ಟ ಮದುವೆ ಕರಾರು, ಮನೆ ಮಾರಾಟದ ಪತ್ರ, ದೂರು ಅರ್ಜಿಗಳು ಪಪೈರಸ್ ಸುರುಳಿಗಳಲ್ಲಿ ಇಂದಿಗೂ ಓದಲು ಸಿಗುತ್ತವೆ.

ಎರಡೂವರೆ ಸಾವಿರ ವರ್ಷ ಕಾಗದದಂಥ ವಸ್ತು ಹಾಳಾಗದೆ ಉಳಿಯಲು ಕಾರಣ ಹವೆ. ಅಸ್ವಾನಿನಲ್ಲಿ ಮಳೆ ಇಲ್ಲ ಎಂದರೆ ಉತ್ಪ್ರೇಕ್ಷೆ ಆಗದು. ವರ್ಷದ ಸರಾಸರಿ ಒಂದು ಮಿಲಿಮೀಟರಿನ ಆಸುಪಾಸು, ಎಷ್ಟೋ ವರ್ಷ ಅದೂ ಇಲ್ಲ. ಮೇಲಿನಿಂದ ಇಳಿಯುವ ಒಣಗಾಳಿಯ ಪಟ್ಟಿಯ ಕೆಳಗೆ, ಮೆಡಿಟರೇನಿಯನ್ ಕಡಲಿನಿಂದ ನೂರಾರು ಕಿಲೋಮೀಟರ್ ಒಳಗೆ ಕೂತ ಊರು ಇದು. ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಸೆಲ್ಸಿಯಸ್ ಇಲ್ಲಿ ಮಾಮೂಲು. ಮಳೆ ಅಪರೂಪಕ್ಕೆ ಬಂದರೆ ಅದೇ ಸುದ್ದಿ: 2021ರ ನವೆಂಬರಿನಲ್ಲಿ ಆಲಿಕಲ್ಲು ಸಹಿತ ಬಿರುಮಳೆ ಸುರಿದಾಗ ಬಿಲಗಳಿಗೆ ನೀರು ನುಗ್ಗಿ ಚೇಳುಗಳು ಮನೆಗಳತ್ತ ಹರಿದವು, ಐನೂರಕ್ಕೂ ಹೆಚ್ಚು ಜನ ಕಡಿಸಿಕೊಂಡರು.

ಮಳೆಯಿಲ್ಲದ ಈ ಊರು ಬದುಕಿದ್ದು ಪರರ ಮಳೆಯಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಥಿಯೋಪಿಯದ ಬೆಟ್ಟಗಳಲ್ಲಿ ಮಳೆಗಾಲ. ಆ ನೀರು ಕೆಂಪು ಮಣ್ಣು ಹೊತ್ತು ನೀಲಿ ನೈಲ್‌ನಲ್ಲಿ ಇಳಿದು ಬಂದು ಇಲ್ಲಿ ನೆರೆಯಾಗುತ್ತಿತ್ತು. ಈಜಿಪ್ಟಿನಲ್ಲಿ ನೆರೆಯ ಸುದ್ದಿ ಮೊದಲು ತಿಳಿಯುವುದು ಅಸ್ವಾನಿಗೆ. ಎಲಿಫೆಂಟೈನ್ ದಡದಲ್ಲಿ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ, ಗೋಡೆಯಲ್ಲಿ ಮೊಳದ ಅಳತೆಯ ಗೀಟುಗಳಿವೆ. ಇದೇ ನೈಲ್‌ಮಾಪಕ. ನೀರು ಯಾವ ಗೀಟು ಮುಟ್ಟಿತು ಎಂಬುದರ ಮೇಲೆ ಆ ವರ್ಷದ ಬೆಳೆ ಎಷ್ಟು, ಕಂದಾಯ ಎಷ್ಟು ಎಂಬ ಅಂದಾಜು. ಕಡಿಮೆ ಬಂದರೆ ಬರ, ಹೆಚ್ಚು ಬಂದರೆ ಊರು ಕೊಚ್ಚಿಹೋಗುವ ಭಯ. ಸಮೀಪದ ಸೆಹೆಲ್ ದ್ವೀಪದ ಬಂಡೆಯೊಂದರ ಮೇಲೆ ಏಳು ವರ್ಷದ ಬರಗಾಲದ ಶಾಸನವೇ ಇದೆ. 1970ರ ದಶಕದಿಂದ ಆ ಮೆಟ್ಟಿಲುಗಳಿಗೆ ಕೆಲಸವಿಲ್ಲ. ನದಿ ಇಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ.

(ಭೂಮಿಯ ಸುತ್ತಳತೆಯನ್ನು ಪ್ರಾಚೀನ ಗ್ರೀಕ್ ವಿದ್ವಾಂಸ ಎರಟೊಸ್ತನೀಸ್ ಲೆಕ್ಕ ಹಾಕಿದ್ದು ಈ ಊರಿನ ನಡುಹಗಲಿನ ಸೂರ್ಯನನ್ನು ನಂಬಿ. ಫೇರೋಗಳ ಗ್ರಾನೈಟ್ ಹೋದದ್ದೂ ಇಲ್ಲಿಂದಲೇ. ಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ ಸ್ತಂಭವೊಂದು, ಕಡಿಯುವಾಗ ಬಿರುಕು ಬಿಟ್ಟಿದ್ದರಿಂದ, ಬಂಡೆಗೆ ಅಂಟಿಕೊಂಡೇ ಮಲಗಿದೆ. ಎರಡೂ ಶಾಲೆಯ ಪಾಠದಲ್ಲಿ ಬರುವಂಥವು, ಮುಂದೆ ಹೋಗೋಣ.)

ಮೊದಲ ಅಣೆಕಟ್ಟೆ 1902ರಲ್ಲಿ ಮುಗಿಯಿತು. ಕಟ್ಟಿಸಿದವರು ಬ್ರಿಟಿಷರು, ಯೋಜನೆ ಎಂಜಿನಿಯರ್ ವಿಲಿಯಂ ವಿಲ್ಕಾಕ್ಸ್‌ನದು. ಕೆಳ ಈಜಿಪ್ಟಿನ ಹತ್ತಿ ಹೊಲಗಳಿಗೆ ಬೇಸಿಗೆಯಲ್ಲೂ ನೀರು ಬೇಕಿತ್ತು. ಮೂಲ ನಕ್ಷೆಯಷ್ಟು ಎತ್ತರ ಕಟ್ಟಿದರೆ ಫೀಲೆ ಮುಳುಗುತ್ತದೆಂದು ಯುರೋಪಿನ ಪುರಾತತ್ವದವರು ಗದ್ದಲ ಎಬ್ಬಿಸಿದರು, ಎತ್ತರ ತಗ್ಗಿತು. ತಗ್ಗಿದ್ದು ತಾತ್ಕಾಲಿಕ. 1912ರ ಹೊತ್ತಿಗೊಮ್ಮೆ, 1933ರ ಹೊತ್ತಿಗೊಮ್ಮೆ ಕಟ್ಟೆಯನ್ನು ಏರಿಸಲಾಯಿತು. ಕ್ರಿಸ್ತಶಕ 394ರಲ್ಲಿ ಕೊನೆಯ ಚಿತ್ರಲಿಪಿ ಶಾಸನ ಕೆತ್ತಿಸಿಕೊಂಡ ಗುಡಿ ಕಂಬದ ತಲೆಯವರೆಗೆ ಮುಳುಗಿತು, ಸಾವಿರಾರು ವರ್ಷ ಉಳಿದಿದ್ದ ಬಣ್ಣ ತೊಳೆದುಹೋಯಿತು. ಪ್ರವಾಸಿಗರು ಕಂಬಗಳ ನಡುವೆ ದೋಣಿಯಲ್ಲಿ ಸುತ್ತಿದರು. ಆ ಗದ್ದಲದಲ್ಲಿ ಒಂದು ವಿಷಯ ಮಾತ್ರ ಸದ್ದು ಮಾಡಲಿಲ್ಲ: ಕಟ್ಟೆ ಏರಿದ ಪ್ರತಿ ಸಲವೂ ಮೇಲಿನ ನೂಬಿಯನ್ ಹಳ್ಳಿಗಳ ಹೊಲ, ಖರ್ಜೂರದ ತೋಪು, ಮನೆಗಳು ನೀರಿಗೆ ಹೋದವು. ಜನ ದಿಬ್ಬ ಹತ್ತಿ ಮತ್ತೆ ಕಟ್ಟಿಕೊಂಡರು, ಗಂಡಸರು ಕೈರೋಗೆ ಅಡುಗೆಯವರಾಗಿ, ಮನೆಗೆಲಸದವರಾಗಿ ಹೊರಟರು.

ಆಮೇಲಿನದು ರಾಜಕೀಯ ಚರಿತ್ರೆ. ಎರಡನೆಯ, ಇನ್ನೂ ದೊಡ್ಡ ಅಣೆಕಟ್ಟೆಗೆ ಸಾಲ ಕೊಡುತ್ತೇವೆಂದಿದ್ದ ಅಮೆರಿಕ, ಬ್ರಿಟನ್ 1956ರ ಜುಲೈನಲ್ಲಿ ಹಿಂದೆ ಸರಿದವು. ಅದೇ ತಿಂಗಳು ಈಜಿಪ್ಟಿನ ಅಧ್ಯಕ್ಷ ನಾಸೆರ್ ಸೂಯೆಜ್ ಕಾಲುವೆಯನ್ನು ರಾಷ್ಟ್ರೀಕರಣ ಮಾಡಿದರು. ಕೊನೆಗೆ ದುಡ್ಡು, ಯಂತ್ರ, ಎಂಜಿನಿಯರುಗಳು ಸೋವಿಯತ್ ಒಕ್ಕೂಟದಿಂದ ಬಂದರು. 1960ರ ಜನವರಿಯಲ್ಲಿ ಶುರುವಾಗಿ 1970ರಲ್ಲಿ ಮುಗಿದ ಹೈ ಡ್ಯಾಮ್ 3.8 ಕಿಲೋಮೀಟರ್ ಉದ್ದ, 111 ಮೀಟರ್ ಎತ್ತರ, ಬುಡದಲ್ಲಿ 980 ಮೀಟರ್ ಅಗಲ. ಸಾಮರ್ಥ್ಯ 2,100 ಮೆಗಾವ್ಯಾಟ್. ಹಿಂದೆ ನಿಂತ ಸರೋವರ ಸುಡಾನ್‌ಗೂ ಚಾಚಿದೆ. ಈಜಿಪ್ಟಿನಲ್ಲಿ ಅದರ ಹೆಸರು ನಾಸೆರ್, ಸುಡಾನ್ ಕಡೆ ನೂಬಿಯ ಸರೋವರ.

ಇಲ್ಲಿ ಹವೆಯ ಲೆಕ್ಕ ಮತ್ತೆ ಬರುತ್ತದೆ. ಈಜಿಪ್ಟ್ ಮತ್ತು ಸುಡಾನ್ 1959ರಲ್ಲಿ ನೈಲ್ ನೀರು ಹಂಚಿಕೊಂಡಾಗ ವರ್ಷಕ್ಕೆ ಸರಾಸರಿ 84 ಬಿಲಿಯನ್ ಘನ ಮೀಟರ್ ಎಂದಿಟ್ಟುಕೊಂಡು, ಈಜಿಪ್ಟಿಗೆ 55.5, ಸುಡಾನಿಗೆ 18.5 ಎಂದು ಬರೆದವು. ಉಳಿದ 10? ಅದು ಸೂರ್ಯನಿಗೆ ಮತ್ತು ಮರಳಿಗೆ, ಅಂದರೆ ಆವಿಯಾಗಿ, ಇಂಗಿ ಹೋಗುವ ಪಾಲು. ನಮ್ಮ ಲೆಕ್ಕದಲ್ಲಿ ಸುಮಾರು 353 ಟಿಎಂಸಿ, ಏಳು ಕೆಆರ್‌ಎಸ್ ತುಂಬುವಷ್ಟು. ಪ್ರತಿ ವರ್ಷ. ನೆರೆ ತರುತ್ತಿದ್ದ ಹೂಳೂ ಸರೋವರದ ತಳದಲ್ಲೇ ಕೂತಿತು. ಕೆಳಗಿನ ರೈತರು ಗೊಬ್ಬರದ ಚೀಲಕ್ಕೆ ಬಿದ್ದರು, ಹೂಳಿಲ್ಲದ ಮುಖಜಭೂಮಿಯ ದಡವನ್ನು ಕಡಲು ಕೊರೆಯತೊಡಗಿತು. ನಿಜ, ಬರ ಮತ್ತು ನೆರೆ ಎರಡೂ ಹತೋಟಿಗೆ ಬಂದವು. ಇಥಿಯೋಪಿಯದಲ್ಲಿ ಮಳೆ ಕೈಕೊಟ್ಟ 1980ರ ದಶಕದಲ್ಲಿ ಈಜಿಪ್ಟನ್ನು ಕಾಪಾಡಿದ್ದು ಈ ಸರೋವರವೇ. ಅಣೆಕಟ್ಟೆ ಬೇಡವಾಗಿತ್ತು ಎಂದು ಹೇಳುವುದು ಸುಲಭವಲ್ಲ.

ಗುಡಿಗಳಿಗಾಗಿ ಜಗತ್ತೇ ಎದ್ದಿತು. 1960ರ ಮಾರ್ಚ್‌ನಲ್ಲಿ ಯುನೆಸ್ಕೊ ಕರೆ ಕೊಟ್ಟಿತು. ಅಬು ಸಿಂಬೆಲ್‌ನ ರಾಮ್ಸೆಸ್ ಗುಡಿಗಳನ್ನು 1964ರಿಂದ 1968ರೊಳಗೆ ಸಾವಿರಕ್ಕೂ ಹೆಚ್ಚು ತುಂಡುಗಳಾಗಿ ಗರಗಸದಿಂದ ಕೊಯ್ದು, ಪ್ರತಿ ತುಂಡಿಗೂ ನಂಬರು ಹಾಕಿ, ಸುಮಾರು 65 ಮೀಟರ್ ಮೇಲೆ ಜೋಡಿಸಿದರು. ಫೀಲೆಯ ಸುತ್ತ ಉಕ್ಕಿನ ತಡೆಗೋಡೆ ಹೊಡೆದು, ನೀರು ಹೊರಹಾಕಿ, ಬಿಚ್ಚಿ, ಪಕ್ಕದ ಅಗಿಲ್ಕಿಯ ದ್ವೀಪದಲ್ಲಿ ಕಟ್ಟಿದರು. ಅದು ಮುಗಿದದ್ದು 1980ರಲ್ಲಿ. ನೆರವಿತ್ತ ದೇಶಗಳಿಗೆ ಚಿಕ್ಕ ಗುಡಿಗಳೇ ಉಡುಗೊರೆಯಾದವು: ಡೆಂಡೂರ್ ನ್ಯೂಯಾರ್ಕಿಗೆ, ಡೆಬೋಡ್ ಮ್ಯಾಡ್ರಿಡ್‌ಗೆ, ತಾಫೆ ಲೈಡನ್‌ಗೆ.

ಭಾರತವೂ ಹೋಗಿತ್ತು. 1962ರಲ್ಲಿ ಬಿ.ಬಿ. ಲಾಲ್ ನೇತೃತ್ವದಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣೆಯ ತಂಡ ಮುಳುಗಲಿದ್ದ ಅಫಿಯೆ ಎಂಬಲ್ಲಿ ಅಗೆಯಿತು. ಅಲ್ಲಿ ಸಿಕ್ಕ ಕಪ್ಪು-ಕೆಂಪು ಮಡಕೆಗಳು ಲಾಲ್‌ಗೆ ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳ ಮಡಕೆಗಳನ್ನು ನೆನಪಿಸಿದವು. ಅದೇ ಬಗೆಯವು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಸಿಕ್ಕಿವೆ. ನೂಬಿಯದವು ಬಹಳ ಹಳೆಯವು, ನಡುವೆ ಕಡಲು ಬೇರೆ. ಹೋಲಿಕೆ ಹೋಲಿಕೆಯಾಗಿಯೇ ಉಳಿಯಿತು.

ಮುಳುಗಡೆ ಎಂಬ ಪದವನ್ನು ಶರಾವತಿ, ಬಾಗಲಕೋಟೆ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೂಬಿಯನ್ನರು ತಮ್ಮದನ್ನು ‘ತಹ್ಜೀರ್’ ಎನ್ನುತ್ತಾರೆ, ಎಬ್ಬಿಸಿ ಕಳಿಸಿದ್ದು ಎಂಬರ್ಥ. 1963-64ರಲ್ಲಿ ಈಜಿಪ್ಟಿನ ಸುಮಾರು ಐವತ್ತು ಸಾವಿರ ಜನರನ್ನು ದೋಣಿ, ರೈಲು, ಬಸ್ಸುಗಳಲ್ಲಿ ಅಸ್ವಾನಿನ ಉತ್ತರಕ್ಕಿರುವ ಕೋಮ್ ಓಂಬೊ ಬಯಲಿಗೆ ಸಾಗಿಸಿದರು. ಸುಡಾನಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಜನರ ಊರು ಹೋಯಿತು. ಹೊಸ ಮನೆಗಳೆಲ್ಲ ಸಾಲುಸಾಲು, ನದಿಯಿಂದ ದೂರ. ಮೊದಲ ವರ್ಷಗಳಲ್ಲಿ ಎಳೆಮಕ್ಕಳು, ಮುದುಕರು ಸಾಲಾಗಿ ತೀರಿಹೋದದ್ದನ್ನು ಹಿರಿಯರು ಇನ್ನೂ ಹೇಳುತ್ತಾರೆ.

ಕಳೆದುಕೊಂಡ ಮನೆ ಎಂಥದ್ದು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಮರವಿಲ್ಲದ ಸೀಮೆಯಲ್ಲಿ ಸೂರು ಹೊದಿಸಲು ಅಸ್ವಾನ್ ಆಸುಪಾಸಿನ ಗಾರೆಯವರು ಹುಡುಕಿಕೊಂಡ ದಾರಿ ಮಣ್ಣಿನ ಕಮಾನು. ಹಿಂದಿನ ಗೋಡೆಯ ಮೇಲೆ ಕಣ್ಣಳತೆಯಲ್ಲೇ ಕಮಾನಿನ ಗೆರೆಯನ್ನು ಕೆಸರಿನಿಂದ ಎಳೆಯುತ್ತಾರೆ. ಹುಲ್ಲು ಹೆಚ್ಚು ಬೆರೆಸಿದ ತೆಳು ಹಸಿಯಿಟ್ಟಿಗೆ. ಹಸಿಯಿರುವಾಗಲೇ ಬೆರಳಿನಿಂದ ಗೀರಿದ್ದರಿಂದ ಕೆಸರಿಗೆ ಚೆನ್ನಾಗಿ ಕಚ್ಚುತ್ತದೆ. ಒಂದೊಂದು ವರಸೆಯನ್ನೂ ಹಿಂದಿನ ಗೋಡೆಗೆ ಒರಗಿಸುತ್ತ ಬರುವುದರಿಂದ ಕೆಳಗೆ ಆಸರೆಯ ಹಲಗೆ ಬೇಡವೇ ಬೇಡ. ದಪ್ಪ ಮಣ್ಣು ಹಗಲಿನ ಕಾವನ್ನು ಒಳಗೆ ಬಿಡಲು ತಡ ಮಾಡುತ್ತದೆ. 1940ರ ದಶಕದಲ್ಲಿ ವಾಸ್ತುಶಿಲ್ಪಿ ಹಸನ್ ಫಾತಿ ಈ ಗಾರೆಯವರನ್ನೇ ಕರೆಸಿ ಲಕ್ಸರ್ ಬಳಿ ಹೊಸ ಗುರ್ನಾ ಊರನ್ನು ಕಟ್ಟಿಸಿದ್ದ. ಹೀಗಿದ್ದೂ ಇಪ್ಪತ್ತು ವರ್ಷದ ಬಳಿಕ ಅದೇ ಸೀಮೆಯ ಜನರಿಗೆ ಸರ್ಕಾರ ಕೊಟ್ಟದ್ದು ಕಾಂಕ್ರೀಟ್ ಚಾವಣಿ. ಕಲ್ಲಿನ ಗುಡಿಗೆ ತೋರಿದ ಜತನವನ್ನು ಈ ಕಸುಬಿಗೆ ಯಾರೂ ತೋರಲಿಲ್ಲ. ಅದು ಪರಂಪರೆ ಎಂಬುದೇ ಆಗ ಯಾರಿಗೂ ಹೊಳೆದಂತಿಲ್ಲ.

ಅಸ್ವಾನಿನಲ್ಲಿ 1997ರಲ್ಲಿ ನೂಬಿಯ ವಸ್ತುಸಂಗ್ರಹಾಲಯ ತೆರೆಯಿತು, ಚೆಂದದ ಕಟ್ಟಡ. ಈಜಿಪ್ಟಿನ 2014ರ ಸಂವಿಧಾನದ 236ನೇ ವಿಧಿ, ನೂಬಿಯನ್ನರು ಹತ್ತು ವರ್ಷದೊಳಗೆ ತಮ್ಮ ಮೂಲ ಪ್ರದೇಶಕ್ಕೆ ಮರಳುವಂಥ ಯೋಜನೆ ಮಾಡುತ್ತೇವೆ ಎಂದಿತು. ಅದೇ ವರ್ಷದ ಕೊನೆಯಲ್ಲಿ ಬಂದ ಅಧ್ಯಕ್ಷರ ಆದೇಶ, ಗಡಿಯ ಸೇನಾ ವಲಯದೊಳಗೆ ಹಳೆಯ ನೂಬಿಯನ್ ಹಳ್ಳಿಗಳ ಜಾಗವನ್ನೂ ಸೇರಿಸಿತು. ಹತ್ತು ವರ್ಷ 2024ಕ್ಕೆ ಕಳೆಯಿತು. ಕೋಮ್ ಓಂಬೊ ಕಡೆಯ ಊರುಗಳು ಇಂದಿಗೂ ಬಲ್ಲಾನ, ಕುಸ್ತುಲ್, ತೋಶ್ಕ ಎಂದು ಮುಳುಗಿದ ಊರುಗಳ ಹೆಸರನ್ನೇ ಹೊತ್ತಿವೆ.

ಪ್ರವಾಸಿಗರು ಅಲ್ಲಿಗೆ ಹೋಗುವುದು ಕಡಿಮೆ. ಅವರು ದೋಣಿ ಹತ್ತುವುದು ಹಳೆಯ ಅಣೆಕಟ್ಟೆಯ ಬಳಿ ನದಿದಂಡೆಯಲ್ಲೇ ಉಳಿದಿರುವ ಗರ್ಬ್ ಸುಹೇಲ್ ಎಂಬ ಹಳ್ಳಿಗೆ. ನೀಲಿ ಗೋಡೆ, ಗುಮ್ಮಟದ ಸೂರು, ದಾಸವಾಳದ ಪಾನಕ. ಕೆಲವು ಮನೆಗಳ ಅಂಗಳದ ತೊಟ್ಟಿಯಲ್ಲಿ ಮೊಸಳೆಯೂ ಇರುತ್ತದೆ, ಫೋಟೊಕ್ಕೆ. ಹೈ ಡ್ಯಾಮ್ ಬಂದ ಮೇಲೆ ಈ ಕಡೆಯ ನದಿಯಲ್ಲಿ ಮೊಸಳೆ ಇಲ್ಲ. ತೊಟ್ಟಿಯಲ್ಲಿರುವುದು ಮೇಲಿನ ಸರೋವರದಿಂದ ಹಿಡಿದು ತಂದದ್ದು.