ಮೊದಲು ಇಳಿಸಬೇಕಾದದ್ದು ‘ಯೂಸರ್ಸ್’ ಗುಂಪಿನ ಅಧಿಕಾರವನ್ನು

ವಿಡಿಯೊ ಸಭೆಗಳನ್ನು ಕಾಯ್ದಿರಿಸಲು, ಕೊಠಡಿಗಳ ವಿಡಿಯೊ ಉಪಕರಣಗಳನ್ನು ನಿರ್ವಹಿಸಲು ಸಿಸ್ಕೊ ಕಂಪನಿಯ ಟಿಎಂಎಸ್ ಎಂಬ ತಂತ್ರಾಂಶ ಬಳಸುವ ಕಚೇರಿಗಳಲ್ಲಿ ನಾನು ಪದೇ ಪದೇ ಕೇಳುವ ದೂರು ಒಂದಿದೆ: ‘ಇವರನ್ನು ಕಡಿಮೆ ಅಧಿಕಾರದ ಗುಂಪಿಗೆ ಸೇರಿಸಿದ್ದೇವೆ, ಆದರೂ ಎಲ್ಲ ಸೆಟ್ಟಿಂಗ್‌ಗಳೂ ಇವರ ಕೈಗೆ ಸಿಗುತ್ತಿವೆ.’

ತಂತ್ರಾಂಶ ಕೆಟ್ಟಿಲ್ಲ. ಟಿಎಂಎಸ್‌ನಲ್ಲಿ ಅನುಮತಿಗಳು ಕೂಡುತ್ತಾ ಹೋಗುತ್ತವೆ. ಒಬ್ಬರು ಮೂರು ಗುಂಪುಗಳಲ್ಲಿದ್ದರೆ ಮೂರರ ಅಧಿಕಾರವೂ ಅವರದೇ. ಒಂದು ಗುಂಪು ಕೊಟ್ಟದ್ದನ್ನು ಇನ್ನೊಂದು ಗುಂಪು ಕಿತ್ತುಕೊಳ್ಳುವುದಿಲ್ಲ. ಇದರ ಜೊತೆಗೆ, ಎಲ್ಲರೂ ಕಡ್ಡಾಯವಾಗಿ ‘ಯೂಸರ್ಸ್’ ಗುಂಪಿನ ಸದಸ್ಯರು. ಹೊಸಬರು ತಮ್ಮ ವಿಂಡೋಸ್ ಖಾತೆಯಿಂದ ಮೊದಲ ಸಲ ಒಳಬಂದೊಡನೆ ಅವರ ಹೆಸರು ತಾನಾಗಿಯೇ ಅಲ್ಲಿ ಸೇರುತ್ತದೆ. ಆದ್ದರಿಂದ ಆ ಗುಂಪಿಗೆ ಏನು ಕೊಟ್ಟಿದ್ದೀರೋ ಅದು ಇಡೀ ಸಂಸ್ಥೆಗೆ ಕೊಟ್ಟಂತೆಯೇ. ಮೊದಲು ಅದರ ಅನುಮತಿಗಳನ್ನು ಕನಿಷ್ಠಕ್ಕೆ ಇಳಿಸಿ, ಆಮೇಲೆ ಉಳಿದ ಗುಂಪುಗಳನ್ನು ಕಟ್ಟಿ.

ಹಿರಿಯ ಅಧಿಕಾರಿಯ ಆಪ್ತ ಕಾರ್ಯದರ್ಶಿಯನ್ನೇ ನೋಡೋಣ. ಅಧಿಕಾರಿಯ ಹೆಸರಿನಲ್ಲಿ ಸಭೆ ಕಾಯ್ದಿರಿಸುವುದು ಆಕೆಯ ಕೆಲಸ. ಸಾಮಾನ್ಯ ಬಳಕೆದಾರರಿಗೆ ಅದು ಸಾಧ್ಯವಾಗದಿದ್ದಾಗ, ಅವಸರದಲ್ಲಿ ಆಕೆಯನ್ನು ‘ಸೈಟ್ ಅಡ್ಮಿನಿಸ್ಟ್ರೇಟರ್’ ಗುಂಪಿಗೆ ಸೇರಿಸಿಬಿಡುತ್ತಾರೆ. ಆ ಗುಂಪಿಗೆ ಪೂರ್ಣಾಧಿಕಾರವಿದೆ, ಅದನ್ನು ಮೊಟಕುಗೊಳಿಸಲು ಬರುವುದಿಲ್ಲ. ಒಂದು ತಪ್ಪು ಕ್ಲಿಕ್ಕಿಗೆ ಇಡೀ ವ್ಯವಸ್ಥೆ ಬೆಲೆ ತೆರಬೇಕಾದೀತು. ಅದರ ಹೊಣೆ ಆಕೆಯ ಮೇಲೆ ಬೀಳುವುದು ನನಗೆ ಅನ್ಯಾಯವೆನಿಸುತ್ತದೆ. ಬುಕಿಂಗ್ ಮಾಡುವವರಿಗೆಂದೇ ಹೊಸ ಗುಂಪೊಂದನ್ನು ರಚಿಸಿ, ಬುಕಿಂಗ್ ಅನುಮತಿಗಳ ಜೊತೆಗೆ ಇನ್ನೊಬ್ಬರ ಪರವಾಗಿ ಕಾಯ್ದಿರಿಸುವ ಅನುಮತಿಯನ್ನು ಗುರುತು ಹಾಕಿದರೆ ಸಾಕು.

ಇಷ್ಟಕ್ಕೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಯಾವ ಕೊಠಡಿಯ ಉಪಕರಣವನ್ನು ಯಾರು ಮುಟ್ಟಬಹುದು ಎಂಬುದು ಟಿಎಂಎಸ್‌ನಲ್ಲಿ ಉಪಕರಣಗಳನ್ನು ವಿಂಗಡಿಸಿಟ್ಟ ಫೋಲ್ಡರ್‌ಗಳ ಮಟ್ಟದಲ್ಲಿ ಬೇರೆಯಾಗಿ ತೀರ್ಮಾನವಾಗುತ್ತದೆ. ಆಡಳಿತ ಮಂಡಳಿಯ ಕೊಠಡಿ ಇರುವ ಫೋಲ್ಡರ್‌ನಲ್ಲಿ ಈ ಗುಂಪಿಗೆ ನೋಡುವ ಮತ್ತು ಕಾಯ್ದಿರಿಸುವ ಹಕ್ಕಿರಲಿ. ಸೆಟ್ಟಿಂಗ್ ಬದಲಿಸುವುದು, ನಡೆಯುತ್ತಿರುವ ಕರೆಯನ್ನು ನಿಯಂತ್ರಿಸುವುದು ತಾಂತ್ರಿಕ ಸಿಬ್ಬಂದಿಗೇ ಇರಲಿ.

ದೊಡ್ಡ ಸಂಸ್ಥೆಗಳು ಗುಂಪುಗಳನ್ನು, ಸಿಬ್ಬಂದಿಯ ವಿಂಡೋಸ್ ಖಾತೆಗಳನ್ನು ಒಂದೆಡೆ ಇಡುವ ಆ್ಯಕ್ಟಿವ್ ಡೈರೆಕ್ಟರಿಯಿಂದಲೇ ತಂದುಕೊಳ್ಳುವುದು ಒಳ್ಳೆಯದು. ವರ್ಗಾವಣೆಯಾದವರನ್ನು ಅಲ್ಲಿ ತೆಗೆದರೆ ಇಲ್ಲಿಯ ಸದಸ್ಯತ್ವವೂ ಹೋಗುತ್ತದೆ, ಎರಡೆರಡು ಕಡೆ ಪಟ್ಟಿ ತಿದ್ದುವ ಕಷ್ಟವಿಲ್ಲ.

ಎಲ್ಲವೂ ಮುಗಿದ ಮೇಲೆ ಯಾವ ವಿಶೇಷ ಗುಂಪಿಗೂ ಸೇರದ ಒಂದು ಪರೀಕ್ಷಾ ಖಾತೆಯಿಂದ ಒಳಹೋಗಿ, ಮೆನುವಿನಲ್ಲಿ ಏನೇನು ಉಳಿದಿದೆ ಎಂದು ಕಣ್ಣಾರೆ ನೋಡಿ. ನಿರ್ವಾಹಕರ ಖಾತೆಯಲ್ಲಿ ಕುಳಿತು ನೋಡಿದರೆ ಎಲ್ಲವೂ ತೆರೆದೇ ಇರುವುದರಿಂದ ಈ ವ್ಯತ್ಯಾಸ ಕಾಣುವುದಿಲ್ಲ.