ನಿಮಗಿಂತ ಮೊದಲು ಯಾರ ಕೈಯಲ್ಲಿತ್ತು?

2017ರ ಡಿಸೆಂಬರ್ 20ರಂದು ಚಾರ್ಲಿ ಲೀ ಒಂದು ಟಿಪ್ಪಣಿ ಪ್ರಕಟಿಸಿದರು. ಲೈಟ್‌ಕಾಯಿನ್ ಎಂಬ ಕ್ರಿಪ್ಟೋ ನಾಣ್ಯವನ್ನು ಹುಟ್ಟುಹಾಕಿದವರು ಅವರೇ. ತಮ್ಮ ಬಳಿಯಿದ್ದ ಲೈಟ್‌ಕಾಯಿನ್‌ಗಳನ್ನು ಮಾರಿಯೋ ದಾನ ಮಾಡಿಯೋ ಪೂರ್ತಿ ಕೈತೊಳೆದುಕೊಂಡಿದ್ದೇನೆ ಎಂಬುದು ಅದರ ಸಾರ. ಬೆಲೆಯ ಬಗ್ಗೆ ತಾವು ಒಂದು ಮಾತು ಬರೆದರೂ ಜನ ಅದರಲ್ಲಿ ಸ್ವಾರ್ಥ ಹುಡುಕುತ್ತಾರೆ, ಆ ಗೊಡವೆಯೇ ಬೇಡ ಎಂದು ಅವರು ಕಾರಣ ಕೊಟ್ಟಿದ್ದರು. ಆ ವರ್ಷದ ಆರಂಭದಲ್ಲಿ ನಾಲ್ಕು ಡಾಲರ್ ಆಸುಪಾಸಿನಲ್ಲಿದ್ದ ಲೈಟ್‌ಕಾಯಿನ್ ಅಷ್ಟರಲ್ಲಿ 300 ಡಾಲರ್ ದಾಟಿತ್ತು. ಮರುವರ್ಷ ಡಿಸೆಂಬರ್ ನಡುವಿನ ಹೊತ್ತಿಗೆ ಅದು 30 ಡಾಲರ್‌ಗಿಂತ ಕೆಳಗಿತ್ತು.

ಲೀ ಮೋಸ ಮಾಡಿದರೆಂದು ನಾನು ಹೇಳುತ್ತಿಲ್ಲ. ಮಾರಿದ್ದನ್ನು ಬಾಯಿಬಿಟ್ಟು ಹೇಳಿದ ಕೆಲವೇ ಸೃಷ್ಟಿಕರ್ತರಲ್ಲಿ ಅವರೊಬ್ಬರು. ಆದರೆ ಬಿಟ್‌ಕಾಯಿನ್ ಅಲ್ಲದ ನಾಣ್ಯಗಳನ್ನು, ಅಂದರೆ ಆಲ್ಟ್‌ಕಾಯಿನ್‌ಗಳನ್ನು ಕೊಳ್ಳುವವರು ಸಾಮಾನ್ಯವಾಗಿ ‘ಇದು ಎಷ್ಟರವರೆಗೆ ಏರಬಹುದು’ ಎಂದು ಕೇಳುತ್ತಾರೆಯೇ ಹೊರತು ‘ನನಗಿಂತ ಮೊದಲು ಇದು ಯಾರ ಕೈಯಲ್ಲಿತ್ತು, ಅವರಿಗೆ ಎಷ್ಟಕ್ಕೆ ಸಿಕ್ಕಿತು’ ಎಂದು ಕೇಳುವುದಿಲ್ಲ. ಈ ನಾಣ್ಯಗಳ ಚರಿತ್ರೆಯನ್ನು ಎರಡನೆಯ ಪ್ರಶ್ನೆ ಹಿಡಿದು ಓದಿದರೆ ಬಹಳಷ್ಟು ಸಂಗತಿಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಬಿಟ್‌ಕಾಯಿನ್ ಶುರುವಾದದ್ದು 2009ರ ಜನವರಿಯಲ್ಲಿ. ಅದರ ಸಂಕೇತಭಾಷೆ, ಅಂದರೆ ಕೋಡ್, ಯಾರು ಬೇಕಾದರೂ ನಕಲು ಮಾಡಿಕೊಳ್ಳುವಂತೆ ಬಹಿರಂಗವಾಗಿತ್ತು, ನಕಲು ಮಾಡಿದರು. 2011ರ ಏಪ್ರಿಲ್‌ನಲ್ಲಿ ಬಂದ ನೇಮ್‌ಕಾಯಿನ್‌ನ ಉದ್ದೇಶ ಹಣವೇ ಆಗಿರಲಿಲ್ಲ, ಯಾವ ಸಂಸ್ಥೆಯ ಹಿಡಿತಕ್ಕೂ ಸಿಗದ ಜಾಲತಾಣ ವಿಳಾಸಗಳನ್ನು ನೋಂದಾಯಿಸುವುದಾಗಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲೈಟ್‌ಕಾಯಿನ್ ಬಂತು. ಬಿಟ್‌ಕಾಯಿನ್‌ಗೆ 2.1 ಕೋಟಿ ನಾಣ್ಯಗಳ ಮಿತಿಯಿದ್ದರೆ ಇದಕ್ಕೆ 8.4 ಕೋಟಿ, ಅಲ್ಲಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ವಹಿವಾಟುಗಳ ಒಂದು ಕಂತೆ, ಸೇರಿದರೆ ಇಲ್ಲಿ ಎರಡೂವರೆ ನಿಮಿಷಕ್ಕೊಂದು. ಈ ಮೊದಲ ತಲೆಮಾರಿನ ನಾಣ್ಯಗಳಲ್ಲಿ ಒಂದು ಸಮಾನ ಗುಣವಿತ್ತು. ಅವನ್ನು ಪಡೆಯಲು ಕಂಪ್ಯೂಟರ್ ಓಡಿಸಿ, ವಿದ್ಯುತ್ ಸುಟ್ಟು ಗಣಿಗಾರಿಕೆ ಮಾಡಬೇಕಿತ್ತು. ಮೊದಲು ಬಂದವರಿಗೆ ಅಗ್ಗವಾಗಿ ಸಿಕ್ಕಿತು ನಿಜ, ಆದರೆ ಬಾಗಿಲು ಎಲ್ಲರಿಗೂ ಒಂದೇ ದಿನ ತೆರೆದಿತ್ತು.

ಆ ಬಾಗಿಲು ಬಹಳ ಕಾಲ ಹಾಗೆಯೇ ಇರಲಿಲ್ಲ. 2014ರ ಜನವರಿಯಲ್ಲಿ ಆರಂಭವಾದ, ಈಗ ಡ್ಯಾಶ್ ಎಂದು ಕರೆಯುವ ನಾಣ್ಯದಲ್ಲಿ ಮೊದಲ ಎರಡೇ ದಿನಗಳಲ್ಲಿ ಸುಮಾರು 19 ಲಕ್ಷ ನಾಣ್ಯಗಳು ಹೊರಬಂದವು. ಕೋಡ್‌ನಲ್ಲಿದ್ದ ದೋಷವೇ ಕಾರಣ ಎಂದು ತಂಡ ಹೇಳಿತು. ದೋಷವೇ ಇರಬಹುದು. ಆ ಎರಡು ದಿನ ಅಲ್ಲಿದ್ದವರ ಕೈಯಲ್ಲಿ ಅಷ್ಟು ನಾಣ್ಯ ಉಳಿದದ್ದಂತೂ ದೋಷವಲ್ಲ, ವಾಸ್ತವ. ಎಕ್ಸ್‌ಆರ್‌ಪಿಯದು ಇನ್ನೊಂದು ದಾರಿ. ಅಲ್ಲಿ ಗಣಿಗಾರಿಕೆಯ ಮಾತೇ ಇಲ್ಲ. 2012ರಲ್ಲಿ ಒಟ್ಟು 10,000 ಕೋಟಿ ನಾಣ್ಯಗಳನ್ನು ಒಂದೇ ಏಟಿಗೆ ಸೃಷ್ಟಿಸಲಾಯಿತು, ಅದರಲ್ಲಿ 8,000 ಕೋಟಿ ಈಗ ರಿಪಲ್ ಎಂಬ ಹೆಸರಿರುವ ಕಂಪನಿಗೆ ಹೋಯಿತು. ಅಷ್ಟು ನಾಣ್ಯ ಯಾವ ಗಳಿಗೆಯಲ್ಲಾದರೂ ಮಾರುಕಟ್ಟೆಗೆ ಬಂದು ಬೀಳಬಹುದೆಂಬ ಅಳುಕು ಎಷ್ಟಿತ್ತೆಂದರೆ, 2017ರ ಡಿಸೆಂಬರ್‌ನಲ್ಲಿ ಕಂಪನಿ ತಾನಾಗಿಯೇ 5,500 ಕೋಟಿಯನ್ನು ಬೀಗ ಹಾಕಿಟ್ಟು, ತಿಂಗಳಿಗೆ ಗರಿಷ್ಠ 100 ಕೋಟಿಯಂತೆ ಬಿಡುವ ವ್ಯವಸ್ಥೆ ಮಾಡಿಕೊಂಡಿತು.

ನಾಣ್ಯ ಹುಟ್ಟುವ ಮೊದಲೇ ಅದನ್ನು ಮಾರುವ ಪದ್ಧತಿ 2013ರಲ್ಲಿ ಮಾಸ್ಟರ್‌ಕಾಯಿನ್‌ನಿಂದ ಆರಂಭವಾಯಿತು. ಮರುವರ್ಷ ಎಥೀರಿಯಂ ಅದನ್ನೇ ದೊಡ್ಡದಾಗಿ ಮಾಡಿತು: ಈಥರ್ ಎಂಬ ತನ್ನ ನಾಣ್ಯವನ್ನು ಸುಮಾರು ಆರು ಕೋಟಿಯಷ್ಟು ಮಾರಿ 1.8 ಕೋಟಿ ಡಾಲರ್‌ನಷ್ಟು ಹಣ ಕೂಡಿಸಿತು, ಜಾಲ ಚಾಲೂ ಆದದ್ದು 2015ರ ಜುಲೈ 30ಕ್ಕೆ. ಆಗ ಮೂವತ್ತು ಸೆಂಟ್ ಲೆಕ್ಕದಲ್ಲಿ ಕೊಂಡವರು ಮುಂದೆ ಕಂಡ ಲಾಭವನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ಆ ಲಾಭದ ಕಥೆಯೇ ಮುಂದಿನ ಹತ್ತು ವರ್ಷ ಪ್ರತಿಯೊಂದು ಹೊಸ ಟೋಕನ್‌ನ ಜಾಹೀರಾತಾಯಿತು.

ಎಥೀರಿಯಂನ ನಿಜವಾದ ಕೊಡುಗೆ ಬೇರೆಯೇ. ಹೊಸ ನಾಣ್ಯಕ್ಕೆ ಹೊಸ ಜಾಲ ಕಟ್ಟುವ ಅಗತ್ಯವನ್ನೇ ಅದು ತೆಗೆದುಹಾಕಿತು. 2015ರ ಕೊನೆಯಲ್ಲಿ ಪ್ರಸ್ತಾಪವಾದ ಇಆರ್‌ಸಿ-20 ಎಂಬ ಮಾದರಿಯ ಪ್ರಕಾರ ಕೆಲವು ಸಾಲು ಕೋಡ್ ಬರೆದರೆ ಮುಗಿಯಿತು, ಟೋಕನ್, ಅಂದರೆ ಬೇರೊಂದು ಜಾಲದ ಮೇಲೆ ಓಡುವ ನಾಣ್ಯ, ಸಿದ್ಧ. 2017ರ ಅಬ್ಬರಕ್ಕೆ ಇದೇ ಬುನಾದಿ. ಯೋಜನೆ ವಿವರಿಸುವ ಶ್ವೇತಪತ್ರವೊಂದನ್ನು ಬರೆದು, ತಂಡದ ಭಾವಚಿತ್ರ ಹಾಕಿ, ಟೋಕನ್ ಮಾರುವವರ ಸಾಲೇ ಹೊರಟಿತು. ಇಒಎಸ್ ಎಂಬ ಯೋಜನೆ ಒಂದು ವರ್ಷ ಕಾಲ ಟೋಕನ್ ಮಾರಿ ಸುಮಾರು 410 ಕೋಟಿ ಡಾಲರ್ ಸಂಗ್ರಹಿಸಿತು. ಅದರ ಮಾರಾಟದ ಕರಾರುಪತ್ರದಲ್ಲಿ, ಈ ಟೋಕನ್‌ಗಳಿಗೆ ಯಾವ ಹಕ್ಕೂ ಇಲ್ಲ, ಉಪಯೋಗವೂ ಇಲ್ಲ, ಉದ್ದೇಶವೂ ಇಲ್ಲ ಎಂಬರ್ಥದ ವಾಕ್ಯ ಸ್ಪಷ್ಟವಾಗಿ ಇತ್ತು. ಕೊಂಡವರಲ್ಲಿ ಎಷ್ಟು ಜನ ಓದಿದರೋ! 2018ರ ಏಪ್ರಿಲ್‌ನಲ್ಲಿ 20 ಡಾಲರ್ ದಾಟಿದ್ದ ಇಒಎಸ್ ಡಿಸೆಂಬರ್‌ಗೆ ಮೂರು ಡಾಲರ್‌ಗಿಂತ ಕೆಳಗಿಳಿದಿತ್ತು.

ಅದೇ ಅವಧಿಯ ಬಿಟ್‌ಕನೆಕ್ಟ್ ಮತ್ತು ಒನ್‌ಕಾಯಿನ್ ಹೆಸರನ್ನು ಎಲ್ಲರೂ ಕೇಳಿರುತ್ತಾರೆ. ಬಿಟ್‌ಕನೆಕ್ಟ್ ತಿಂಗಳಿಗೆ ಶೇ 40ರವರೆಗೆ ಬಡ್ಡಿಯ ಆಸೆ ತೋರಿಸಿ 2018ರ ಜನವರಿಯಲ್ಲಿ ಬಾಗಿಲು ಹಾಕಿತು. ಒನ್‌ಕಾಯಿನ್‌ಗೆ ನಿಜವಾದ ಬ್ಲಾಕ್‌ಚೈನ್, ಅಂದರೆ ವಹಿವಾಟುಗಳ ಬಹಿರಂಗ ಲೆಕ್ಕಪುಸ್ತಕ, ಇರಲೇ ಇಲ್ಲ, ಅದರ ಮುಖ್ಯಸ್ಥೆ ರುಜಾ ಇಗ್ನಾಟೊವಾ 2017ರ ಅಕ್ಟೋಬರ್‌ನಿಂದ ನಾಪತ್ತೆ. ಇವು ನೇರ ವಂಚನೆಗಳು, ಹೆಚ್ಚು ವಿವರಣೆ ಬೇಡ. ಯಾರೂ ಕದಿಯದೆ, ಎಲ್ಲವೂ ನಿಯಮದಂತೆಯೇ ನಡೆದೂ ಹಣ ಕರಗಿಹೋಗುವ ಬಗೆ ನನಗೆ ಹೆಚ್ಚು ಕುತೂಹಲದ್ದು.

ಅದಕ್ಕೊಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಇಂದು ಸಣ್ಣ ಟೋಕನ್‌ಗಳ ವ್ಯಾಪಾರ ಬಹುಪಾಲು ನಡೆಯುವುದು ‘ಪೂಲ್’ ಎಂಬ ಕೊಳಗಳಲ್ಲಿ. ಟೋಕನ್ ಸುರಿದವರು ಡಾಲರ್ ತೆಗೆದುಕೊಳ್ಳುತ್ತಾರೆ, ಡಾಲರ್ ಸುರಿದವರು ಟೋಕನ್. ಒಂದು ಕೊಳದಲ್ಲಿ ಒಂದು ಕೋಟಿ ಟೋಕನ್, ಒಂದು ಲಕ್ಷ ಡಾಲರ್ ಇವೆ ಎಂದುಕೊಳ್ಳಿ. ಹಾಗಾದರೆ ಟೋಕನ್ ಬೆಲೆ ಒಂದು ಸೆಂಟ್. ಕೊಳದ ನಿಯಮ ಸರಳ: ಎರಡೂ ಸಂಖ್ಯೆಗಳ ಗುಣಲಬ್ಧ ಬದಲಾಗಕೂಡದು. ನಿಮ್ಮ ಬಳಿಯೂ ಒಂದು ಕೋಟಿ ಟೋಕನ್ ಇದೆ. ಮೊಬೈಲ್ ಪರದೆ ನಿಮ್ಮ ಆಸ್ತಿ ಒಂದು ಲಕ್ಷ ಡಾಲರ್ ಎಂದು ತೋರಿಸುತ್ತದೆ. ಅಷ್ಟನ್ನೂ ಮಾರಲು ಕೊಳಕ್ಕೆ ಸುರಿದಾಗ ಅಲ್ಲಿ ಟೋಕನ್ ಎರಡು ಕೋಟಿ ಆಗುತ್ತದೆ. ಗುಣಲಬ್ಧ ಉಳಿಯಬೇಕಾದರೆ ಡಾಲರ್ ಅರ್ಧಕ್ಕೆ ಇಳಿಯಬೇಕು. ಅಂದರೆ ನಿಮ್ಮ ಕೈಗೆ ಬರುವುದು 50,000 ಡಾಲರ್, ಶುಲ್ಕವನ್ನು ಲೆಕ್ಕಕ್ಕೆ ಹಿಡಿಯದೆ. ನೀವು ಎದ್ದುಹೋದ ಮೇಲೆ ಉಳಿಯುವ ಬೆಲೆ ಕಾಲು ಸೆಂಟ್. ನಿಮ್ಮ ಹಿಂದೆ ನಿಂತಿದ್ದವರ ಆಸ್ತಿ ಯಾರೂ ಮುಟ್ಟದೆಯೇ ಮುಕ್ಕಾಲು ಭಾಗ ಕರಗಿತು. ‘ಮಾರುಕಟ್ಟೆ ಮೌಲ್ಯ ಇಷ್ಟು ಕೋಟಿ’ ಎಂಬ ಸುದ್ದಿ ಓದುವಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಆ ಮೌಲ್ಯ ಬೆಲೆಯನ್ನು ಒಟ್ಟು ನಾಣ್ಯಗಳಿಂದ ಗುಣಿಸಿದ್ದಷ್ಟೇ. ಅಷ್ಟು ಹಣ ಎಲ್ಲಿಯೂ ಇಲ್ಲ. ಕನ್ನಡಿಯೊಳಗಿನ ಗಂಟು.

ಕೊಳವನ್ನು ತುಂಬಿಸಿದವರೇ ಅದನ್ನು ಬರಿದು ಮಾಡಿದರೆ ಇನ್ನೂ ಕಷ್ಟ. 2021ರ ಶರತ್ಕಾಲದಲ್ಲಿ ಜನಪ್ರಿಯ ಕೊರಿಯನ್ ಸರಣಿಯೊಂದರ ಹೆಸರಿನಲ್ಲಿ, ಆ ಸರಣಿಗೆ ಸಂಬಂಧವೇ ಇಲ್ಲದ ಸ್ಕ್ವಿಡ್ ಟೋಕನ್ ಬಂತು. ಅದರ ಬೆಲೆ ಕೆಲವೇ ದಿನಗಳಲ್ಲಿ ಸೆಂಟ್‌ಗಳಿಂದ 2,800 ಡಾಲರ್ ಮೀರಿ ಏರಿತು. ಏರಿದ್ದರಲ್ಲಿ ಆಶ್ಚರ್ಯವಿಲ್ಲ, ಏಕೆಂದರೆ ಕೊಂಡವರಿಗೆ ಮಾರಲು ಬರುತ್ತಲೇ ಇರಲಿಲ್ಲ. ನವೆಂಬರ್ 1ರಂದು ಸೃಷ್ಟಿಕರ್ತರು ಕೊಳದ ಹಣ ಬಾಚಿಕೊಂಡು ಹೋದರು.

ಇಟ್ಟುಕೊಳ್ಳುವುದರ ಅಪಾಯವನ್ನು ಅತ್ಯಂತ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು 2022ರ ಮೇ ತಿಂಗಳು. ಡೊ ಕ್ವಾನ್ ಎಂಬುವರು ಕಟ್ಟಿದ ಟೆರ್ರಾ ಜಾಲದಲ್ಲಿ ಎರಡು ನಾಣ್ಯಗಳಿದ್ದವು. ಯುಎಸ್‌ಟಿಯ ಬೆಲೆ ಸದಾ ಒಂದು ಡಾಲರ್ ಇರಬೇಕು. ಇಲ್ಲದಿದ್ದರೆ ಒಂದು ಯುಎಸ್‌ಟಿ ಕೊಟ್ಟು ಒಂದು ಡಾಲರ್ ಬೆಲೆಯ ಲೂನಾ ಪಡೆಯಬಹುದು. ಅದನ್ನು ಕೊಡಲು ಜಾಲವೇ ಹೊಸ ಲೂನಾ ಅಚ್ಚು ಹಾಕುತ್ತದೆ. ಲೂನಾ 80 ಡಾಲರ್ ಇರುವಾಗ ಇದು ಚೆನ್ನಾಗಿಯೇ ಕಾಣುತ್ತದೆ: ಒಂದು ಯುಎಸ್‌ಟಿಗೆ ಒಂದು ಲೂನಾದ ಎಂಬತ್ತನೇ ಒಂದು ಭಾಗ. ಲೂನಾ ಒಂದು ಸೆಂಟ್‌ಗೆ ಇಳಿದರೆ ಅದೇ ಒಂದು ಯುಎಸ್‌ಟಿಗೆ ನೂರು ಲೂನಾ ಅಚ್ಚಾಗಬೇಕು. ಅಚ್ಚಾದಷ್ಟೂ ಬೆಲೆ ಇಳಿಯುತ್ತದೆ, ಇಳಿದಷ್ಟೂ ಅಚ್ಚಾಗುತ್ತದೆ. ಯುಎಸ್‌ಟಿ ಠೇವಣಿಗೆ ಆಂಕರ್ ಎಂಬ ಸೇವೆ ವರ್ಷಕ್ಕೆ ಸುಮಾರು ಶೇ 20 ಬಡ್ಡಿ ಕೊಡುತ್ತಿದ್ದುದರಿಂದ ಜನ ಧಾರಾಳವಾಗಿ ಹಣ ಸುರಿದಿದ್ದರು. ಮೇ 7ರ ಸುಮಾರಿಗೆ ಒಂದು ಡಾಲರ್‌ನ ಕಟ್ಟು ಸಡಿಲವಾಯಿತು. ಒಂದು ವಾರ ತುಂಬುವುದರೊಳಗೆ ಸುಮಾರು 35 ಕೋಟಿಯಷ್ಟಿದ್ದ ಲೂನಾಗಳ ಸಂಖ್ಯೆ 6.5 ಲಕ್ಷ ಕೋಟಿಗೆ ಏರಿತು. ಎರಡೂ ನಾಣ್ಯ ಸೇರಿ ಸುಮಾರು 4,000 ಕೋಟಿ ಡಾಲರ್ ಮೌಲ್ಯ ಆವಿಯಾಯಿತು.

ಇಲ್ಲಿ ನನ್ನನ್ನು ಬಿಡದೆ ಕಾಡುವ ಸಂಖ್ಯೆ ಇವ್ಯಾವುದೂ ಅಲ್ಲ, 21. ಲೂನಾವನ್ನು ಜಾಲದ ಭದ್ರತೆಗೆ ಒತ್ತೆಯಿಟ್ಟು ಪ್ರತಿಫಲ ಪಡೆಯುವ ಸ್ಟೇಕಿಂಗ್ ವ್ಯವಸ್ಥೆಯಲ್ಲಿ, ಒತ್ತೆ ಬಿಡಿಸಿಕೊಳ್ಳಲು 21 ದಿನ ಕಾಯಬೇಕಿತ್ತು. ಕುಸಿತ ಮುಗಿಯಲು ಒಂದು ವಾರ ಸಾಕಾಯಿತು. ಮೊದಲ ದಿನವೇ ಎಚ್ಚೆತ್ತು ಗುಂಡಿ ಒತ್ತಿದವನೂ ಪರದೆಯ ಮೇಲೆ ದಿನ ಎಣಿಸುತ್ತ ಕೂರಬೇಕಾಯಿತು. ದೀರ್ಘಕಾಲ ಇಟ್ಟುಕೊಳ್ಳುವ ನಿಷ್ಠಾವಂತರಿಗೆ ಸಿಕ್ಕ ಬಹುಮಾನವದು. ಡೊ ಕ್ವಾನ್ 2025ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ವಂಚನೆಯ ತಪ್ಪೊಪ್ಪಿಕೊಂಡರು.

ಲೂನಾ ಕುಸಿದ 2022ರಲ್ಲೇ, ನವೆಂಬರ್‌ನಲ್ಲಿ, ಎಫ್‌ಟಿಎಕ್ಸ್ ಎಂಬ ಎಕ್ಸ್‌ಚೇಂಜ್, ಅಂದರೆ ಕ್ರಿಪ್ಟೋ ನಾಣ್ಯಗಳನ್ನು ಕೊಂಡು ಮಾರುವ ತಾಣ, ಬಿತ್ತು. ಈ ಎಕ್ಸ್‌ಚೇಂಜ್ ತಾನೇ ಎಫ್‌ಟಿಟಿ ಎಂಬ ನಾಣ್ಯ ಹೊರಡಿಸಿತ್ತು. ಅದರ ಸೋದರ ಸಂಸ್ಥೆ ಅಲಮೇಡಾದ 1,460 ಕೋಟಿ ಡಾಲರ್ ಆಸ್ತಿಯಲ್ಲಿ ಬಿಡಿ ಎಫ್‌ಟಿಟಿ 366 ಕೋಟಿ, ಅಡವಿಟ್ಟ ಎಫ್‌ಟಿಟಿ 216 ಕೋಟಿ ಎಂಬ ಲೆಕ್ಕಪತ್ರ ನವೆಂಬರ್ 2ರಂದು ಹೊರಬಿತ್ತು. ತಾನೇ ಅಚ್ಚು ಹಾಕಿದ ನಾಣ್ಯವನ್ನು ತನ್ನದೇ ಆಸ್ತಿಯೆಂದು ಬರೆದುಕೊಂಡದ್ದು. ಒಂಬತ್ತು ದಿನದಲ್ಲಿ ದಿವಾಳಿ ಅರ್ಜಿ ಬಿತ್ತು. ಎಫ್‌ಟಿಎಕ್ಸ್ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 2024ರ ಮಾರ್ಚ್‌ನಲ್ಲಿ 25 ವರ್ಷ ಸೆರೆವಾಸ ವಿಧಿಸಲಾಯಿತು. ಎಕ್ಸ್‌ಚೇಂಜ್‌ನಲ್ಲಿ ಬಿಟ್ಟ ನಾಣ್ಯ ನಿಮ್ಮದಲ್ಲ, ಅದು ನೀವು ಕೊಟ್ಟ ಸಾಲ ಎಂಬುದನ್ನು ಅಲ್ಲಿನ ಗ್ರಾಹಕರು ದಿವಾಳಿ ನ್ಯಾಯಾಲಯದಲ್ಲಿ ಸಾಲ ಕೊಟ್ಟವರ ಪಟ್ಟಿಯಲ್ಲಿ ತಮ್ಮನ್ನು ತಾವು ಹುಡುಕಿಕೊಳ್ಳುವಾಗ ತಿಳಿದರು.

ಹಾಗೆಂದು ಎಲ್ಲವನ್ನೂ ಸ್ವಂತ ವಾಲೆಟ್‌ನಲ್ಲಿ, ಅಂದರೆ ಕೀಲಿ ನಮ್ಮ ಕೈಯಲ್ಲೇ ಇರುವ ಡಿಜಿಟಲ್ ಕೈಚೀಲದಲ್ಲಿ, ಇಟ್ಟುಕೊಂಡರೆ ನೆಮ್ಮದಿಯೇ? ಆ ಕೀಲಿಯಾದ ಹನ್ನೆರಡೋ ಇಪ್ಪತ್ತನಾಲ್ಕೋ ಪದಗಳ ಗುಪ್ತಪಟ್ಟಿ ಕಳೆದುಕೊಂಡರೆ ದೂರು ಕೊಡಲು ಯಾವ ಕಚೇರಿಯೂ ಇಲ್ಲ. ಒಂದು ಜಾಲದ ಟೋಕನ್ ಅನ್ನು ಇನ್ನೊಂದು ಜಾಲದ ವಿಳಾಸಕ್ಕೆ ಕಳಿಸಿದರೆ ಹಲವು ಸಲ ಅದು ಹೋಯಿತೆಂದೇ ಲೆಕ್ಕ. ನಾನೇ ಹಿಂದೊಮ್ಮೆ ಸ್ವಲ್ಪ ಹಣಕ್ಕೆ ಕೊಂಡ ನಾಣ್ಯವೊಂದಿದೆ. ಕೆಲವು ತಿಂಗಳ ನಂತರ ಎಕ್ಸ್‌ಚೇಂಜ್ ಅದನ್ನು ಪಟ್ಟಿಯಿಂದ ತೆಗೆಯುವುದಾಗಿ ತಿಳಿಸಿತು, ಇಮೇಲ್ ನೋಡಿದಾಗ ಗಡುವು ಮುಗಿಯಲು ಎರಡು ದಿನ ಬಾಕಿ. ಗಡಿಬಿಡಿಯಲ್ಲಿ ವಾಲೆಟ್‌ಗೆ ಸಾಗಿಸಿದೆ. ಈಗ ಅದು ಕ್ಷೇಮವಾಗಿದೆ, ಸಂಖ್ಯೆ ಒಂದಿಷ್ಟೂ ಕಡಿಮೆಯಾಗಿಲ್ಲ. ಕೊಳ್ಳುವವರಷ್ಟೇ ಇಲ್ಲ.

ಸಣ್ಣ ಜಾಲಗಳಿಗೆ ಇನ್ನೊಂದು ತೊಡಕಿದೆ. ಜಾಲದ ಗಣಿಗಾರಿಕೆ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಒಬ್ಬನ ಕೈಗೆ ಸಿಕ್ಕಿದರೆ ಅವನು ಖರ್ಚು ಮಾಡಿದ ನಾಣ್ಯವನ್ನು ಮತ್ತೆ ಖರ್ಚು ಮಾಡಬಲ್ಲ. ಬಿಟ್‌ಕಾಯಿನ್‌ಗೆ ಇದನ್ನು ಮಾಡುವುದು ಅತಿ ದುಬಾರಿ. 2018ರ ಮೇ ತಿಂಗಳಲ್ಲಿ ಬಿಟ್‌ಕಾಯಿನ್ ಗೋಲ್ಡ್‌ಗೆ, 2019 ಮತ್ತು 2020ರಲ್ಲಿ ಎಥೀರಿಯಂ ಕ್ಲಾಸಿಕ್‌ಗೆ ಇದನ್ನು ಮಾಡಿ ತೋರಿಸಿದರು.

2013ರಲ್ಲಿ ಬಿಲ್ಲಿ ಮಾರ್ಕಸ್ ಮತ್ತು ಜಾಕ್ಸನ್ ಪಾಮರ್ ನಾಯಿಯ ಚಿತ್ರ ಹಾಕಿ ಡೋಜ್‌ಕಾಯಿನ್ ಮಾಡಿದ್ದು ತಮಾಷೆಗೆ. ಈಗ ಇಂಥ ತಮಾಷೆಯ ನಾಣ್ಯಗಳದ್ದೇ, ಅಂದರೆ ಮೀಮ್ ಕಾಯಿನ್‌ಗಳದ್ದೇ, ದೊಡ್ಡ ಉದ್ಯಮ. 2024ರ ಜನವರಿಯಲ್ಲಿ ಸೊಲಾನಾ ಜಾಲದ ಮೇಲೆ ಆರಂಭವಾದ ಪಂಪ್ ಡಾಟ್ ಫನ್‌ನಲ್ಲಿ ಕೋಡ್ ಬರೆಯಲು ಬಾರದವರೂ ಕೆಲವೇ ನಿಮಿಷಗಳಲ್ಲಿ ಟೋಕನ್ ಹೊರಡಿಸಬಹುದು. 2025ರ ಜನವರಿ 17ರಂದು, ಅಧಿಕಾರ ಸ್ವೀಕಾರಕ್ಕೆ ಮೂರು ದಿನ ಮೊದಲು, ಡೊನಾಲ್ಡ್ ಟ್ರಂಪ್ ಹೆಸರಿನ ನಾಣ್ಯ ಬಂತು. ಒಟ್ಟು 100 ಕೋಟಿ. ಅದರಲ್ಲಿ 80 ಕೋಟಿ ಅವರಿಗೆ ಸಂಬಂಧಿಸಿದ ಸಂಸ್ಥೆಗಳ ಬಳಿ, ಮೂರು ವರ್ಷಗಳಲ್ಲಿ ಹಂತಹಂತವಾಗಿ ಬೀಗ ತೆರೆಯುವ ಷರತ್ತಿನೊಂದಿಗೆ. ಎರಡೇ ದಿನದಲ್ಲಿ 70 ಡಾಲರ್ ದಾಟಿದ ಬೆಲೆ ಫೆಬ್ರುವರಿಯಲ್ಲಿ 20 ಡಾಲರ್‌ಗಿಂತ ಕೆಳಗಿತ್ತು. ಆಗ ಬೀಗ ಹಾಕಿದ ನಾಣ್ಯಗಳಲ್ಲಿ ಒಂದೂ ಇನ್ನೂ ಹೊರಬಂದಿರಲಿಲ್ಲ. ಎಕ್ಸ್‌ಆರ್‌ಪಿಯ ಬೀಗ ಭಯವನ್ನು ಶಮನ ಮಾಡಲು ಬಂದದ್ದು. ಈಗ ಬೀಗ ತೆರೆಯುವ ದಿನಾಂಕಗಳ ಪಂಚಾಂಗವನ್ನೇ ಪ್ರಕಟಿಸುವ ತಾಣಗಳಿವೆ, ವ್ಯಾಪಾರಿಗಳು ಅದನ್ನು ನೋಡಿ ಮೊದಲೇ ಮಾರಿಬಿಡುತ್ತಾರೆ.

2025ರ ಅಕ್ಟೋಬರ್ 10ರ ಶುಕ್ರವಾರ ಚೀನಾದ ಮೇಲೆ ಹೊಸ ಸುಂಕದ ಬೆದರಿಕೆ ಬಂದ ಬೆನ್ನಿಗೆ, ಒಂದೇ ದಿನದಲ್ಲಿ ಸುಮಾರು 1,900 ಕೋಟಿ ಡಾಲರ್‌ನಷ್ಟು ಸಾಲದ ಬಲದ ಮೇಲೆ ಕಟ್ಟಿದ ವಹಿವಾಟುಗಳು ಬಲವಂತವಾಗಿ ಮುಚ್ಚಲ್ಪಟ್ಟವು. ಬಿಟ್‌ಕಾಯಿನ್ ಕೂಡ ಬಿತ್ತು, ಆದರೆ ಕೊಳ್ಳುವವರು ಇದ್ದರು. ಹಲವು ಆಲ್ಟ್‌ಕಾಯಿನ್‌ಗಳು ಕೆಲವೇ ನಿಮಿಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಕಳೆದುಕೊಂಡವು. ಯಾರೂ ಅವುಗಳ ಬಗ್ಗೆ ಕೆಟ್ಟ ಸುದ್ದಿ ಹೇಳಿರಲಿಲ್ಲ, ಯಾವ ಕೋಡ್ ಕೂಡ ಮುರಿದಿರಲಿಲ್ಲ. ಆ ಕೆಲವು ನಿಮಿಷ ಕೊಳ್ಳುವವರ ಸಾಲಿನಲ್ಲಿ ನಿಂತವರು ತೀರಾ ವಿರಳವಾಗಿದ್ದರು, ಅಷ್ಟೇ.