ತಲೆಸುತ್ತು ಎಂಬ ಒಂದೇ ಮಾತಿನೊಳಗೆ

ವಯಸ್ಸಾದವರು ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಮೇಲೆ ಮನೆಯವರನ್ನು ವಿಚಾರಿಸಿದರೆ, ಅವರು ತಿಂಗಳುಗಳಿಂದ ತಲೆಸುತ್ತು ಎನ್ನುತ್ತಾ ಗೋಡೆ ಹಿಡಿದೇ ನಡೆಯುತ್ತಿದ್ದರೆಂಬುದು ಎಷ್ಟೋ ಸಲ ಗೊತ್ತಾಗುತ್ತದೆ. ಪಿತ್ತವಿರಬೇಕು, ವಯಸ್ಸಾಯಿತಲ್ಲ ಎಂದು ಅದನ್ನು ಅಲ್ಲಿಗೇ ಬಿಟ್ಟಿರುತ್ತಾರೆ. ಆದ್ದರಿಂದ ಬೇರೆ ಯಾವ ಕಾಯಿಲೆಗೆ ಬಂದರೂ, 65 ದಾಟಿದವರನ್ನು ನಾನು ವರ್ಷಕ್ಕೊಮ್ಮೆಯಾದರೂ ಮೂರು ಪ್ರಶ್ನೆ ಕೇಳುತ್ತೇನೆ: ಈ ಒಂದು ವರ್ಷದಲ್ಲಿ ಬಿದ್ದಿದ್ದೀರಾ, ನಡೆಯುವಾಗ ಆಯ ತಪ್ಪಿದಂತಾಗುತ್ತದೆಯೇ, ಬೀಳುವ ಹೆದರಿಕೆಯಿದೆಯೇ? ಹೆದರಿಕೆಯನ್ನು ಕೇಳುವುದಕ್ಕೆ ಕಾರಣವಿದೆ. ಹೆದರಿದವರು ಓಡಾಟ ಬಿಡುತ್ತಾರೆ, ಓಡಾಟ ಬಿಟ್ಟ ಕಾಲುಗಳು ಇನ್ನಷ್ಟು ಸೋಲುತ್ತವೆ.

ಮುಂದಿನ ದಾರಿಯನ್ನು ಬಹುಮಟ್ಟಿಗೆ ಅವರ ಮಾತೇ ತೋರಿಸುತ್ತದೆ. ಎದ್ದು ನಿಂತೊಡನೆ ಕಣ್ಣು ಕತ್ತಲೆ ಬರುತ್ತದೆ ಎಂದವರಿಗೆ ಐದು ನಿಮಿಷ ಮಲಗಿಸಿ ರಕ್ತದೊತ್ತಡ ನೋಡಿ, ನಿಂತ ಮೇಲೆ ಒಂದು ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ದೋಷ ಅಲ್ಲಿದೆ. ಕುಳಿತಾಗ ಮಾತ್ರ ಅಳೆದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅನೇಕರಲ್ಲಿ ಇದಕ್ಕೆ ಕಾರಣ ಬಿ.ಪಿ. ಮಾತ್ರೆ, ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಪ್ರಾಸ್ಟೇಟ್‌ಗೆ ಕೊಟ್ಟ ಮಾತ್ರೆ. ಅವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಂದಲೇ ಬದಲಿಸಿಕೊಳ್ಳಬೇಕು.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಅಟ್ಟದ ಡಬ್ಬಿ ತೆಗೆಯಲು ಕತ್ತೆತ್ತಿದಾಗ ಮನೆಯೇ ತಿರುಗಿದಂತಾಗಿ ಒಂದು ನಿಮಿಷದೊಳಗೆ ನಿಂತುಹೋಗುತ್ತದೆ ಎಂದರೆ, ಒಳಕಿವಿಯ ಸಣ್ಣ ಸುಣ್ಣದ ಹರಳುಗಳು ತಮ್ಮ ಜಾಗ ಬಿಟ್ಟು ಅರ್ಧವೃತ್ತ ನಾಳದೊಳಗೆ ಜಾರಿರುವ ಸಾಧ್ಯತೆ ಹೆಚ್ಚು. ತಲೆಯನ್ನು ಒಂದು ಬದಿಗೆ ತಿರುಗಿಸಿ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆಯ ಅದುರುವಿಕೆಯನ್ನು ಗಮನಿಸುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ 1952ರಿಂದಲೂ ಬಳಕೆಯಲ್ಲಿದೆ. ಎಪ್ಲಿ ವಿಧಾನದಲ್ಲಿ ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಆ ನಾಳದಿಂದ ಹೊರಗೆ ಸಾಗಿಸಬಹುದು. ಮಾತ್ರೆ ಆ ಕೆಲಸವನ್ನು ಮಾಡಲಾರದು. ಹೀಗಿದ್ದೂ ತಲೆಸುತ್ತಿಗೆಂದು ಕೊಡುವ ಸಿನ್ನರಿಜಿನ್‌ನಂತಹ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರನ್ನು ನೋಡಿದಾಗ ಬೇಸರವಾಗುತ್ತದೆ, ಏಕೆಂದರೆ ದೀರ್ಘಕಾಲದ ಬಳಕೆಯಿಂದ ಆ ಮಾತ್ರೆಯೇ ಪಾರ್ಕಿನ್ಸನ್ ಕಾಯಿಲೆಯಂತಹ ನಡುಕ ಮತ್ತು ನಡಿಗೆಯ ದೋಷವನ್ನು ತರಬಲ್ಲದು. ವೃದ್ಧರಲ್ಲಿ ಕೆಲವರಿಗೆ ತಿರುಗಿದ ಅನುಭವವೇ ಇರುವುದಿಲ್ಲ, ಬರೀ ಜೋಲಿ ಹೊಡೆದಂತಾಗುತ್ತದೆ; ಅವರಿಗೂ ಈ ಪರೀಕ್ಷೆ ಮಾಡಬೇಕೆಂಬುದು ನನ್ನ ಅಭಿಪ್ರಾಯ.

ತಲೆ ಸರಿಯಿದೆ, ಕಾಲು ಮಾತ್ರ ತೂರಾಡುತ್ತದೆ ಎಂದವರನ್ನು ಕುರ್ಚಿಯಿಂದ ಎಬ್ಬಿಸಿ, ಮೂರು ಮೀಟರ್ ನಡೆಸಿ, ಹಿಂದಿರುಗಿ ಕೂರಲು ಹಿಡಿಯುವ ಸಮಯವನ್ನು ಅಳೆಯುತ್ತೇನೆ. 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಪಾದದ ಸ್ಪರ್ಶಜ್ಞಾನ, ದೃಷ್ಟಿ, ತೊಡೆಯ ಬಲ ಎಲ್ಲವನ್ನೂ ನೋಡಿ ಫಿಸಿಯೊಥೆರಪಿಗೆ ಕಳುಹಿಸುತ್ತೇನೆ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ ಅಥವಾ ಒಂದು ಬದಿಯ ಕೈಕಾಲು ಸೋತರೆ ಇಂತಹ ಯಾವ ಪರೀಕ್ಷೆಗೂ ಕಾಯದೆ ತಕ್ಷಣವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಉಳಿದಂತೆ ತಂದೆತಾಯಿಯನ್ನು ತಪಾಸಣೆಗೆ ಕರೆತರುವವರು ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ನಿಂತಾಗಿನ ರಕ್ತದೊತ್ತಡವನ್ನೂ ನೋಡುವಂತೆ ಸಂಕೋಚವಿಲ್ಲದೆ ಕೇಳಿ.